ಕಂಪನಿಯ ಕಣಜಕ್ಕೆ ಕಾವಲು ಯಾರದು? ಸೈಬರ್ ಅಪಾಯ, ಆಡಳಿತ ಮಂಡಳಿಯ ಹೊಣೆ ಮತ್ತು ನಮ್ಮ ಮನೆಗಳು

ವಳಸಂಗದಿಂದ ಅಕ್ಕಲಕೋಟೆಯವರೆಗಿನ ಕನ್ನಡ ಮನೆಗಳಿಗೂ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಿಗೂ ಏನು ಸಂಬಂಧ ಎಂದು ಕೇಳುವವರಿರಬಹುದು. ಸಂಬಂಧ ನಾವು ಎಣಿಸಿದ್ದಕ್ಕಿಂತ ಹತ್ತಿರದ್ದು. ಮನೆಯ ದೀಪಕ್ಕೆ ಬರುವ ವಿದ್ಯುತ್ತು, ಜೋಳ ಮಾರಿದ ಹಣ ಜಮೆಯಾಗುವ ಬ್ಯಾಂಕು, ತಂದೆಯ ಹೆಸರಿನ ವಿಮೆ, ಮಗಳ ವಿದ್ಯಾರ್ಥಿವೇತನ, ಶಾಲೆಯ ದಾಖಲೆಯಲ್ಲಿರುವ ಮಗುವಿನ ಆಧಾರ್ ಸಂಖ್ಯೆ ಇವೆಲ್ಲವೂ ಇಂದು ಯಾವುದೋ ಊರಿನ ಯಾವುದೋ ಕಂಪ್ಯೂಟರಿನಲ್ಲಿ ಕುಳಿತಿವೆ. ಆ ಕಂಪ್ಯೂಟರುಗಳಲ್ಲಿ ಹಲವನ್ನು ನಡೆಸುವವು ಸಾರ್ವಜನಿಕ ಕಂಪನಿಗಳು. ಅವುಗಳಿಗೆ ಕನ್ನ ಬಿದ್ದರೆ ನಷ್ಟದ ಒಂದು ಪಾಲು ನಮ್ಮ ಬಾಗಿಲಿಗೂ ಬರುತ್ತದೆ.

ಆದ್ದರಿಂದ ಇಂಥ ಕಂಪನಿಯೊಂದು ಸೈಬರ್ ಅಪಾಯವನ್ನು ಹೇಗೆ ನಿರ್ವಹಿಸುತ್ತದೆ, ಆ ನಿರ್ವಹಣೆ ಸರಿಯಾಗಿದೆಯೇ ಎಂದು ಯಾರು ನೋಡುತ್ತಾರೆ, ಕನ್ನ ಬಿದ್ದಾಗ ಯಾರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬುದನ್ನು ನಾವು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ. ಈ ವಿಷಯದ ಕಾಗದಪತ್ರಗಳು ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತವೆ. ಕನ್ನಡದಲ್ಲಿ ಓದಿ ಬರೆಯುವ ನಮ್ಮ ಪಾಲಕರಿಗೂ ಮಕ್ಕಳಿಗೂ ಅವು ದಕ್ಕಬೇಕೆಂಬುದು ನಮ್ಮ ಉದ್ದೇಶ.

ಸಾರ್ವಜನಿಕ ಕಂಪನಿ ಎಂದರೆ ಯಾವುದು?

‘ಸಾರ್ವಜನಿಕ’ ಎಂದೊಡನೆ ಸರಕಾರದ್ದು ಎಂದು ತಿಳಿಯುವುದು ನಮ್ಮಲ್ಲಿ ರೂಢಿ. ಕಂಪನಿಗಳ ವಿಷಯದಲ್ಲಿ ಆ ಮಾತಿನ ಅರ್ಥ ಬೇರೆ. ತನ್ನ ಷೇರುಗಳನ್ನು ಜನರಿಗೆ ಮಾರಿ, ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿಕೊಂಡಿರುವ ಕಂಪನಿಯನ್ನು ನಾವು ಇಲ್ಲಿ ಸಾರ್ವಜನಿಕ ಕಂಪನಿ ಎನ್ನುತ್ತಿದ್ದೇವೆ. ಅದರ ಒಡೆತನ ಸಾವಿರಾರು, ಲಕ್ಷಾಂತರ ಜನರ ನಡುವೆ ಹಂಚಿಹೋಗಿರುತ್ತದೆ. ಒಂದೇ ಒಂದು ಷೇರು ಉಳ್ಳವರೂ ಅದರ ವಾರ್ಷಿಕ ಸಭೆಗೆ ಹೋಗಿ ಪ್ರಶ್ನೆ ಕೇಳಬಹುದು.

ನಮ್ಮ ಜಿಲ್ಲೆಯಲ್ಲಿಯೇ ಇಂಥ ಕಂಪನಿಗಳುಂಟು. ವಾಹನಗಳ ಎಂಜಿನ್‌ಗೆ ಬೇಕಾದ ಕ್ಯಾಮ್‌ಶಾಫ್ಟ್ ತಯಾರಿಸುವ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್, ರಾಸಾಯನಿಕಗಳನ್ನು ತಯಾರಿಸುವ ಬಾಲಾಜಿ ಅಮೈನ್ಸ್ ಎರಡೂ ಸೊಲ್ಲಾಪುರವನ್ನು ನೆಲೆ ಮಾಡಿಕೊಂಡು ಷೇರುಪೇಟೆಗೆ ಹೋದ ಕಂಪನಿಗಳು. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಹೊಟಗಿಯ ಬಳಿ ಇರುವ 1320 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎನ್‌ಟಿಪಿಸಿಯದು. ಎನ್‌ಟಿಪಿಸಿ ಕೇಂದ್ರ ಸರಕಾರದ ಕಂಪನಿಯೂ ಹೌದು, 2004ರಿಂದ ಷೇರುಪೇಟೆಯಲ್ಲಿರುವ ಸಾರ್ವಜನಿಕ ಕಂಪನಿಯೂ ಹೌದು. ಅದರ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಸರಕಾರದ್ದು, ಉಳಿದುದು ಇತರ ಹೂಡಿಕೆದಾರರದ್ದು. ಎಲ್‌ಐಸಿ, ಮ್ಯೂಚುವಲ್ ಫಂಡುಗಳಂಥ ಸಂಸ್ಥೆಗಳು ಜನರ ಸಣ್ಣ ಉಳಿತಾಯವನ್ನು ಕೂಡಿಸಿ ಇಂಥ ಕಂಪನಿಗಳಲ್ಲಿ ತೊಡಗಿಸುತ್ತವೆ. ಹೀಗೆ ಷೇರುಪೇಟೆಯನ್ನು ಕಣ್ಣಿನಿಂದ ಕಾಣದವರ ಹಣವೂ ಅಲ್ಲಿ ಇರುತ್ತದೆ.

ಅಪಾಯದ ಮೂರು ಮುಖಗಳು

ಸೈಬರ್ ಅಪಾಯಕ್ಕೆ ಮುಖ್ಯವಾಗಿ ಮೂರು ಮುಖಗಳಿವೆ. ಮೊದಲನೆಯದು ಮಾಹಿತಿಯ ಕಳವು: ಹೆಸರು, ಜನ್ಮದಿನಾಂಕ, ಖಾತೆ ಸಂಖ್ಯೆ, ಆರೋಗ್ಯದ ವಿವರ ಮುಂತಾದವು ಅನ್ಯರ ಕೈಸೇರುವುದು. ಎರಡನೆಯದು ಕೆಲಸದ ಸ್ಥಗಿತ: ಕಡತಗಳಿಗೆಲ್ಲ ಗುಪ್ತಲಿಪಿಯ ಬೀಗ ಜಡಿದು, ಕೀಲಿಕೈ ಬೇಕಾದರೆ ಹಣ ಕೊಡಿ ಎಂದು ಬೆದರಿಸುವುದು. ಇದನ್ನು ರ್‍ಯಾನ್ಸಮ್‌ವೇರ್ ಎನ್ನುತ್ತಾರೆ. ಮೂರನೆಯದು ನೇರವಾಗಿ ಹಣವನ್ನೇ ಎತ್ತಿಕೊಂಡು ಹೋಗುವುದು. ವಿದ್ಯುತ್ ಸ್ಥಾವರ, ಅಣುಸ್ಥಾವರ, ಬಂದರುಗಳಲ್ಲಿ ಈ ಮೂರರ ಮೇಲೆ ಇನ್ನೂ ಒಂದು ಭಯವಿದೆ. ಅಲ್ಲಿ ಯಂತ್ರಗಳನ್ನೂ ಕಂಪ್ಯೂಟರುಗಳೇ ನಡೆಸುವುದರಿಂದ, ಕನ್ನ ಹಾಕಿದವರು ಯಂತ್ರದ ಮೇಲೂ ಕೈಯಿಡಬಲ್ಲರು.

ಈ ಭಯ ನಮ್ಮಿಂದ ದೂರದ್ದೇನೂ ಅಲ್ಲ. 2021ರ ಫೆಬ್ರುವರಿ 28ರಂದು ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಎಂಬ ಸೈಬರ್ ಭದ್ರತಾ ಸಂಸ್ಥೆ ಒಂದು ವರದಿ ಹೊರತಂದಿತು. ಚೀನಾದೊಡನೆ ನಂಟುಳ್ಳದ್ದೆಂದು ಅದು ಹೇಳಿದ ಒಂದು ಗುಂಪು ಭಾರತದ ವಿದ್ಯುತ್ ವಲಯದ ಹತ್ತು ಘಟಕಗಳನ್ನೂ ಎರಡು ಬಂದರುಗಳನ್ನೂ ಗುರಿ ಮಾಡಿಕೊಂಡಿತ್ತೆಂದು ಅದರಲ್ಲಿತ್ತು. ಆ ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಒಂದು ಕೂಡಗಿ: ವಿಜಯಪುರ ಜಿಲ್ಲೆಯಲ್ಲಿರುವ ಎನ್‌ಟಿಪಿಸಿಯ 2400 ಮೆಗಾವಾಟ್ ಸ್ಥಾವರ, ಗಡಿಯಾಚೆಯ ನಮ್ಮ ನೆರೆಮನೆ. ರಾಷ್ಟ್ರೀಯ ವಿದ್ಯುಜ್ಜಾಲವನ್ನು ನಿರ್ವಹಿಸುವ ನಿಗಮದ ಕಾರ್ಯಕ್ಕೆ ಇದರಿಂದ ಯಾವ ಬಾಧೆಯೂ ಆಗಿಲ್ಲ, ಮಾಹಿತಿ ಸೋರಿಕೆಯೂ ಕಂಡುಬಂದಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ ಆಗ ತಿಳಿಸಿತು. ದೀಪ ಆರಲಿಲ್ಲ. ಆದರೂ ಬಾಗಿಲ ಬಳಿ ಯಾರೋ ಸುಳಿದಾಡಿದ್ದರೆಂಬ ಮಾತು ಕಾವಲಿನ ಬಗ್ಗೆ ವಿಚಾರಿಸಲು ಸಾಕಾದ ಕಾರಣ.

ನಿರ್ವಹಣೆ: ಕಾವಲುಗಾರರ ಕೆಲಸ

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ನಿರ್ವಹಣೆ, ಇನ್ನೊಂದು ಮೇಲ್ವಿಚಾರಣೆ. ನಮ್ಮ ಹಳ್ಳಿಯ ಹಳೆಯ ವ್ಯವಸ್ಥೆಯನ್ನು ನೆನೆದರೆ ಭೇದ ಸುಲಭವಾಗಿ ತಿಳಿಯುತ್ತದೆ. ರಾತ್ರಿ ಊರು ಸುತ್ತಿ ಕಾಯುವವನು ತಳವಾರ. ತಳವಾರ ಸುತ್ತಿದನೋ ಮಲಗಿದನೋ ಎಂದು ಕೇಳುವವರು ಊರ ಪಂಚರು. ಕಂಪನಿಯಲ್ಲಿ ತಳವಾರನ ಕೆಲಸ ಅಧಿಕಾರಿಗಳದ್ದು, ಪಂಚರ ಕೆಲಸ ಆಡಳಿತ ಮಂಡಳಿಯದ್ದು.

ಕಾವಲಿನ ಮುಂದಾಳನ್ನು ಮುಖ್ಯ ಮಾಹಿತಿ ಸುರಕ್ಷತಾ ಅಧಿಕಾರಿ ಎನ್ನುತ್ತಾರೆ. ಈ ಅಧಿಕಾರಿಯ ಮೊದಲ ಕೆಲಸ ಕಂಪನಿಯಲ್ಲಿ ಏನೇನಿದೆ ಎಂದು ಲೆಕ್ಕ ಹಿಡಿಯುವುದು. ಎಷ್ಟು ಕಂಪ್ಯೂಟರುಗಳಿವೆ, ಯಾವುದರಲ್ಲಿ ಯಾರ ಮಾಹಿತಿ ಇದೆ, ಯಾರಿಗೆ ಯಾವ ಬಾಗಿಲಿನ ಕೀಲಿಕೈ ಕೊಡಲಾಗಿದೆ ಎಂಬುದು ತಿಳಿಯದೆ ಕಾವಲು ಸಾಧ್ಯವಿಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬುವಾಗ ಎಷ್ಟು ಚೀಲ, ಯಾರ ಪಾಲು ಎಂದು ಮೊದಲು ಎಣಿಸುತ್ತಿದ್ದುದೂ ಇದೇ ಕಾರಣಕ್ಕೆ.

ಎರಡನೆಯದು ಅಪಾಯವನ್ನು ತೂಗುವುದು. ಎಲ್ಲ ಬಾಗಿಲಿಗೂ ಒಂದೇ ತೂಕದ ಬೀಗ ಹಾಕಲಾಗದು. ಯಾವುದು ಹೋದರೆ ಕಂಪನಿ ನಿಲ್ಲುತ್ತದೆ, ಯಾವುದು ಹೋದರೆ ಜನರಿಗೆ ಹಾನಿಯಾಗುತ್ತದೆ ಎಂದು ನೋಡಿ, ಹೆಚ್ಚು ಬೆಲೆಯುಳ್ಳದ್ದಕ್ಕೆ ಹೆಚ್ಚು ಕಾವಲಿಡುತ್ತಾರೆ. ಮೂರನೆಯದು ತಡೆ: ಎರಡು ಹಂತದ ಗುರುತು ಪರೀಕ್ಷೆ, ತಂತ್ರಾಂಶಗಳಿಗೆ ಕಾಲಕಾಲಕ್ಕೆ ತೇಪೆ, ಮಾಹಿತಿಯ ಬೇರೊಂದು ಪ್ರತಿಯನ್ನು ಜಾಲದಿಂದ ದೂರ ಇಡುವುದು, ನೌಕರರಿಗೆ ತರಬೇತಿ. ನಾಲ್ಕನೆಯದು ಪತ್ತೆ: ಹಗಲಿರುಳು ಜಾಲವನ್ನು ನೋಡುತ್ತ, ಅಸಹಜವಾದುದು ಕಂಡರೆ ಎಚ್ಚರಿಸುವ ಕೇಂದ್ರ. ಐದನೆಯದು ಸ್ಪಂದನೆ ಮತ್ತು ಪುನಃಸ್ಥಾಪನೆ: ಕನ್ನ ಬಿದ್ದ ಮೇಲೆ ಯಾವ ಯಂತ್ರವನ್ನು ಮೊದಲು ಬೇರ್ಪಡಿಸಬೇಕು, ಯಾರಿಗೆ ಕರೆ ಮಾಡಬೇಕು, ಕೆಲಸವನ್ನು ಮತ್ತೆ ಹೇಗೆ ಆರಂಭಿಸಬೇಕು ಎಂಬುದನ್ನು ಮುಂಚಿತವಾಗಿ ಬರೆದಿಟ್ಟು, ವರ್ಷದಲ್ಲಿ ಕೆಲವು ಬಾರಿ ಅಭ್ಯಾಸ ಮಾಡಿ ನೋಡುವುದು.

ವಿದ್ಯುತ್ ಸ್ಥಾವರದಂಥ ಕಡೆ ಇನ್ನೊಂದು ನಿಯಮ ಮುಖ್ಯವಾದುದು. ಕಚೇರಿಯ ಕಂಪ್ಯೂಟರುಗಳ ಜಾಲ ಬೇರೆ, ಯಂತ್ರಗಳನ್ನು ನಡೆಸುವ ಜಾಲ ಬೇರೆ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರಿನಲ್ಲಿ ವಿದ್ಯುತ್ ವಲಯಕ್ಕಾಗಿ ಹೊರಡಿಸಿದ ಸೈಬರ್ ಸುರಕ್ಷತಾ ಮಾರ್ಗಸೂಚಿ ಇದನ್ನು ಒತ್ತಿ ಹೇಳುತ್ತದೆ. ಈ ಬೇರ್ಪಡಿಕೆಯ ಬೆಲೆ ಎರಡು ವರ್ಷ ಮೊದಲೇ ತಿಳಿದಿತ್ತು. ಕಾರವಾರದ ಬಳಿಯ ಕೈಗಾ ಸ್ಥಾವರವನ್ನು ನಡೆಸುವ ಭಾರತೀಯ ಅಣುವಿದ್ಯುತ್ ನಿಗಮದ್ದೇ ಆದ ತಮಿಳುನಾಡಿನ ಕೂಡಂಕುಳಂ ಸ್ಥಾವರದಲ್ಲಿ, ಆಡಳಿತ ಕೆಲಸಕ್ಕೆ ಬಳಸುತ್ತಿದ್ದ ಒಂದು ಕಂಪ್ಯೂಟರಿಗೆ ಕುತಂತ್ರಾಂಶ ಸೇರಿದುದು 2019ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಆ ಕಂಪ್ಯೂಟರು ಸ್ಥಾವರದ ಮುಖ್ಯ ಒಳಜಾಲದಿಂದ ಪ್ರತ್ಯೇಕವಾಗಿತ್ತೆಂದು ನಿಗಮ ಹೇಳಿತು. ಆದರೆ ಈ ಮಾತು ಹೊರಬಂದ ಬಗೆಯನ್ನೂ ಗಮನಿಸಬೇಕು. ಅಕ್ಟೋಬರ್ 29ರಂದು ಸ್ಥಾವರದ ಪ್ರಕಟಣೆ ದಾಳಿ ಸಾಧ್ಯವೇ ಇಲ್ಲ ಎಂದಿತ್ತು, ಮರುದಿನ ನಿಗಮ ಕುತಂತ್ರಾಂಶ ಸಿಕ್ಕಿದ್ದು ನಿಜವೆಂದು ಒಪ್ಪಿತು. ಯಂತ್ರ ಉಳಿದರೂ ನಂಬಿಕೆಗೆ ಪೆಟ್ಟು ಬೀಳುವುದು ಹೀಗೆ.

ಮೇಲ್ವಿಚಾರಣೆ: ಪಂಚರ ಪ್ರಶ್ನೆಗಳು

ಆಡಳಿತ ಮಂಡಳಿಯ ನಿರ್ದೇಶಕರು ಕಂಪ್ಯೂಟರ್ ತಜ್ಞರಾಗಿರಲೇಬೇಕೆಂದಿಲ್ಲ. ಬೀಗ ಮಾಡುವುದು ಅವರ ಕೆಲಸವಲ್ಲ. ಬೀಗ ಹಾಕಿದೆಯೇ, ಹಾಕಿದೆ ಎಂದವರ ಮಾತಿಗೆ ಆಧಾರವೇನು ಎಂದು ಕೇಳುವುದು ಅವರ ಕೆಲಸ. 2013ರ ಕಂಪನಿ ಕಾಯ್ದೆಯ ಪ್ರಕಾರ ಮಂಡಳಿಯು ತನ್ನ ವಾರ್ಷಿಕ ವರದಿಯಲ್ಲಿ ಕಂಪನಿಯ ಅಪಾಯ ನಿರ್ವಹಣಾ ನೀತಿಯ ಬಗ್ಗೆ ಹೇಳಿಕೆ ಕೊಡಬೇಕು.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಇನ್ನೂ ಮುಂದೆ ಹೋಗಿದೆ. ಷೇರುಪೇಟೆಯ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳಿಗೆ ಅಪಾಯ ನಿರ್ವಹಣಾ ಸಮಿತಿ ಕಡ್ಡಾಯ. ಅದರಲ್ಲಿ ಕನಿಷ್ಠ ಮೂವರು ಸದಸ್ಯರಿರಬೇಕು, ಹೆಚ್ಚಿನವರು ಮಂಡಳಿಯ ನಿರ್ದೇಶಕರೇ ಆಗಿರಬೇಕು, ಒಬ್ಬ ಸ್ವತಂತ್ರ ನಿರ್ದೇಶಕರಾದರೂ ಇರಬೇಕು. ಸಮಿತಿ ವರ್ಷಕ್ಕೆ ಕನಿಷ್ಠ ಎರಡು ಬಾರಿ ಸೇರಬೇಕು. ಅದು ನೋಡಬೇಕಾದ ಅಪಾಯಗಳ ಪಟ್ಟಿಯಲ್ಲಿ ಸೈಬರ್ ಸುರಕ್ಷತೆಯ ಹೆಸರು ಸ್ಪಷ್ಟವಾಗಿದೆ. ಸ್ವತಂತ್ರ ನಿರ್ದೇಶಕರೆಂದರೆ ಕಂಪನಿಯ ಒಡೆಯರ ಬಂಧುವಾಗಲಿ, ಕಂಪನಿಯೊಡನೆ ವ್ಯವಹಾರವುಳ್ಳವರಾಗಲಿ ಅಲ್ಲದವರು. ಮನೆಯವರು ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಹೊರಗಿನವರು ಕೇಳಬಲ್ಲರೆಂಬುದು ಈ ನಿಯಮದ ಹಿಂದಿನ ವಿಚಾರ.

ಕಾವಲು ಮೂರು ಸಾಲುಗಳಲ್ಲಿ ನಿಲ್ಲುತ್ತದೆ ಎಂದು ಈ ಕ್ಷೇತ್ರದವರು ಹೇಳುತ್ತಾರೆ. ಮೊದಲ ಸಾಲು, ದಿನದ ಕೆಲಸ ಮಾಡುವ ವಿಭಾಗಗಳು. ಎರಡನೆಯದು, ನಿಯಮ ರೂಪಿಸಿ ಅಪಾಯವನ್ನು ಅಳೆಯುವ ವಿಭಾಗ. ಮೂರನೆಯದು, ಇವೆರಡನ್ನೂ ಪರೀಕ್ಷಿಸುವ ಒಳ ಲೆಕ್ಕಪರಿಶೋಧಕರು. ಈ ಮೂರನೆಯ ಸಾಲು ತನ್ನ ವರದಿಯನ್ನು ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಗೆ ಕೊಡುತ್ತದೆ. ಬ್ಯಾಂಕುಗಳಲ್ಲಿ ಸುರಕ್ಷತಾ ಅಧಿಕಾರಿಯು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಕೈಕೆಳಗೆ ಇರಬಾರದೆಂದು ರಿಸರ್ವ್ ಬ್ಯಾಂಕ್ ಹೇಳುವುದೂ ಇದೇ ತತ್ವದಿಂದ. ಉತ್ತರಪತ್ರಿಕೆ ಬರೆದವರೇ ಅಂಕ ಹಾಕಿಕೊಳ್ಳುವಂತಿರಬಾರದು.

ಕನ್ನ ಬಿದ್ದರೆ ಎಷ್ಟು ಗಂಟೆಯೊಳಗೆ?

ನಮ್ಮ ದೇಶದಲ್ಲಿ ಇಂದು ಒಂದೇ ಘಟನೆಗೆ ಹಲವು ಗಡಿಯಾರಗಳು ಓಡತೊಡಗುತ್ತವೆ. ಸೈಬರ್ ತುರ್ತು ಸ್ಪಂದನೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಕಂಪ್ಯೂಟರುಗಳ ದಿನಚರಿಯನ್ನು, ಅಂದರೆ ಯಾರು ಯಾವಾಗ ಒಳಬಂದು ಏನು ಮಾಡಿದರೆಂಬ ದಾಖಲೆಯನ್ನು, 180 ದಿನ ಕಾಪಾಡಬೇಕು.

ಷೇರುಪೇಟೆಗೆ ಬೇರೆ ಗಡಿಯಾರ. ಹೂಡಿಕೆದಾರರಿಗೆ ಮಹತ್ವದ್ದೆನಿಸುವ ಘಟನೆ ಕಂಪನಿಯ ಒಳಗೇ ಹುಟ್ಟಿದ್ದಾದರೆ 12 ಗಂಟೆ, ಹೊರಗಿನಿಂದ ಬಂದುದಾದರೆ 24 ಗಂಟೆಯೊಳಗೆ ಪೇಟೆಗೆ ತಿಳಿಸಬೇಕೆಂದು ಸೆಬಿ 2023ರಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಅದೇ ವರ್ಷದಿಂದ, ಸೈಬರ್ ಘಟನೆ ಅಥವಾ ಮಾಹಿತಿ ನಷ್ಟವಾಗಿದ್ದರೆ ಅದರ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಡಳಿತ ವರದಿಯಲ್ಲಿ ಕೊಡುವುದೂ ಕಡ್ಡಾಯವಾಯಿತು.

ಅಮೆರಿಕದ ಷೇರುಪೇಟೆಯಲ್ಲೂ ಹೆಸರಿರುವ ಭಾರತೀಯ ಕಂಪನಿಗಳಿಗೆ ಅಲ್ಲಿಯ ನಿಯಮವೂ ಅನ್ವಯಿಸುತ್ತದೆ. ಅಲ್ಲಿಯ ನಿಯಂತ್ರಕ ಸಂಸ್ಥೆ 2023ರ ಜುಲೈ 26ರಂದು ಅಂಗೀಕರಿಸಿದ ನಿಯಮದ ಪ್ರಕಾರ ಕಂಪನಿಯು ತನ್ನ ವಾರ್ಷಿಕ ವರದಿಯಲ್ಲಿ ಸೈಬರ್ ಅಪಾಯಕ್ಕೆಂದೇ ಒಂದು ಅಧ್ಯಾಯ ಬರೆಯಬೇಕು. ಅಪಾಯವನ್ನು ಹೇಗೆ ಗುರುತಿಸುತ್ತೀರಿ, ಹೊರಗಿನ ಪರೀಕ್ಷಕರನ್ನು ಬಳಸುತ್ತೀರಾ, ನಿಮಗೆ ಸೇವೆ ಒದಗಿಸುವ ಇತರ ಕಂಪನಿಗಳ ಅಪಾಯವನ್ನು ನೋಡುತ್ತೀರಾ, ಮಂಡಳಿಯ ಯಾವ ಸಮಿತಿ ಮೇಲ್ವಿಚಾರಣೆ ಮಾಡುತ್ತದೆ, ಹೊಣೆ ಹೊತ್ತ ಅಧಿಕಾರಿಗಳ ಅನುಭವವೇನು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರಬೇಕು. ಈ ಅಧ್ಯಾಯಗಳನ್ನು ಯಾರು ಬೇಕಾದರೂ ಓದಬಹುದು.

ಇನ್ಫೋಸಿಸ್ ಉದಾಹರಣೆ

ಈ ವ್ಯವಸ್ಥೆ ನಿಜವಾಗಿ ಹೇಗೆ ನಡೆಯುತ್ತದೆ ಎಂದು ನೋಡಲು ಕನ್ನಡಿಗರಿಗೆಲ್ಲ ಪರಿಚಿತವಾದ ಇನ್ಫೋಸಿಸ್ ಕಂಪನಿಯನ್ನೇ ತೆಗೆದುಕೊಳ್ಳೋಣ. 1981ರಲ್ಲಿ ಪುಣೆಯಲ್ಲಿ ಹುಟ್ಟಿ, ಬೆಂಗಳೂರಿಗೆ ನೆಲೆ ಬದಲಿಸಿದ ಈ ಕಂಪನಿ 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಗೆ ಹೋಯಿತು. 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ. ಅದರ ಮಂಡಳಿಯಲ್ಲಿ ಅಪಾಯ ನಿರ್ವಹಣಾ ಸಮಿತಿಯ ಜೊತೆಗೆ ಸೈಬರ್ ಸುರಕ್ಷತೆಗೆಂದೇ ಒಂದು ಉಪಸಮಿತಿಯೂ ಉಂಟು. ಕಾಗದದ ಮೇಲೆ ನೋಡಿದರೆ ಏನೂ ಕಡಿಮೆಯಿಲ್ಲ.

ಅಮೆರಿಕದಲ್ಲಿ ಅದಕ್ಕೆ ಮೆಕ್‌ಕ್ಯಾಮಿಶ್ ಎಂಬ ಉಪಕಂಪನಿಯಿದೆ. 2009ರಲ್ಲಿ ಕೊಂಡ ಈ ಕಂಪನಿ ಅಲ್ಲಿಯ ಜೀವವಿಮಾ ಮತ್ತು ನಿವೃತ್ತಿ ಯೋಜನೆಗಳ ಲೆಕ್ಕಪತ್ರಗಳನ್ನು ಬೇರೆ ಕಂಪನಿಗಳ ಪರವಾಗಿ ನೋಡಿಕೊಳ್ಳುತ್ತದೆ. 2023ರ ಅಕ್ಟೋಬರ್ 29 ಮತ್ತು ನವೆಂಬರ್ 2ರ ನಡುವೆ ಕನ್ನಗಾರರು ಅದರ ಜಾಲದೊಳಗೆ ಇದ್ದರು. ಅಂದರೆ ಒಳಹೊಕ್ಕದ್ದು ತಿಳಿಯುವುದಕ್ಕೆ ನಾಲ್ಕೈದು ದಿನ ಹಿಡಿಯಿತು. ಕೆಲವು ತಂತ್ರಾಂಶಗಳೂ ಕಂಪ್ಯೂಟರುಗಳೂ ಕೆಲಸ ನಿಲ್ಲಿಸಿದವು. ಲಾಕ್‌ಬಿಟ್ ಎಂಬ ರ್‍ಯಾನ್ಸಮ್‌ವೇರ್ ಗುಂಪು ಇದು ತನ್ನ ಕೆಲಸವೆಂದು ಹೇಳಿಕೊಂಡಿತು.

ಇನ್ಫೋಸಿಸ್ ನವೆಂಬರ್ 3ರಂದು, ಅಂದರೆ ಗೊತ್ತಾದ ಮರುದಿನವೇ, ಷೇರುಪೇಟೆಗಳಿಗೆ ವಿಷಯ ತಿಳಿಸಿತು. ಹೊರಗಿನ ತಜ್ಞರ ನೆರವಿನಿಂದ ಡಿಸೆಂಬರ್ ಕೊನೆಯ ಹೊತ್ತಿಗೆ ಬಹುಪಾಲು ವ್ಯವಸ್ಥೆಯನ್ನು ಮರಳಿ ನಿಲ್ಲಿಸಿತು. ಕೈತಪ್ಪಿದ ಆದಾಯ ಮತ್ತು ದುರಸ್ತಿಯ ವೆಚ್ಚ ಸೇರಿ ಆವರೆಗಿನ ನಷ್ಟ ಸುಮಾರು 3 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟಿತು. ಹೂಡಿಕೆದಾರರ ದೃಷ್ಟಿಯಿಂದ ನೋಡಿದರೆ ಗಡಿಯಾರ ಸರಿಯಾಗಿ ಓಡಿತ್ತು.

ಆದರೆ ಆ ಕಂಪ್ಯೂಟರುಗಳಲ್ಲಿ ಯಾರ ಬದುಕಿನ ವಿವರಗಳಿದ್ದವೋ ಅವರ ಗಡಿಯಾರ ಬೇರೆಯಾಗಿತ್ತು. ಮೆಕ್‌ಕ್ಯಾಮಿಶ್ ಸೇವೆ ಪಡೆಯುತ್ತಿದ್ದ ಬ್ಯಾಂಕ್ ಆಫ್ ಅಮೆರಿಕದ 57,028 ಗ್ರಾಹಕರಿಗೆ ಪತ್ರ ಹೋದ ಸುದ್ದಿ 2024ರ ಫೆಬ್ರುವರಿಯಲ್ಲಿ ಹೊರಬಂತು. ಒಟ್ಟು ಸುಮಾರು 65 ಲಕ್ಷ ಜನರ ಮಾಹಿತಿ ಸಿಕ್ಕಿಬಿದ್ದಿತ್ತೆಂಬ ಚಿತ್ರ ಸ್ಪಷ್ಟವಾಗುವಷ್ಟರಲ್ಲಿ 2024ರ ಬಹುಭಾಗ ಕಳೆದಿತ್ತು. ಹೆಸರು, ಜನ್ಮದಿನಾಂಕ, ನಮ್ಮ ಆಧಾರ್‌ಗೆ ಹೋಲಿಸಬಹುದಾದ ಸಾಮಾಜಿಕ ಭದ್ರತಾ ಸಂಖ್ಯೆ, ಬ್ಯಾಂಕ್ ಖಾತೆ, ಚಿಕಿತ್ಸೆಯ ವಿವರಗಳೂ ಅದರಲ್ಲಿದ್ದವು. ಕೊನೆಗೆ 2025ರ ಮಾರ್ಚಿನಲ್ಲಿ, ಬಾಧಿತರು ಹೂಡಿದ ಸಾಮೂಹಿಕ ದಾವೆಗಳನ್ನು 1 ಕೋಟಿ 75 ಲಕ್ಷ ಡಾಲರಿಗೆ ಇತ್ಯರ್ಥಪಡಿಸಲು ಮೆಕ್‌ಕ್ಯಾಮಿಶ್ ಒಪ್ಪಿತು.

ಇದರಿಂದ ಕಲಿಯಬೇಕಾದುದು ಎರಡು. ಒಂದು, ದೊಡ್ಡ ಕಂಪನಿಗೆ ಕನ್ನ ಬೀಳುವುದು ಹೆಚ್ಚಾಗಿ ಹಿತ್ತಿಲ ಬಾಗಿಲಿನಿಂದ, ಅಂದರೆ ಉಪಕಂಪನಿ, ಗುತ್ತಿಗೆದಾರ, ಸೇವೆ ಒದಗಿಸುವವರ ಕಡೆಯಿಂದ. ಆ ಅಮೆರಿಕದ ಗ್ರಾಹಕರಲ್ಲಿ ಅನೇಕರು ಮೆಕ್‌ಕ್ಯಾಮಿಶ್ ಹೆಸರನ್ನೇ ಕೇಳಿರಲಾರರು. ಸೊಲ್ಲಾಪುರದ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವ ನಮ್ಮ ಮಕ್ಕಳೂ ಈ ಸರಪಳಿಯ ಕೊಂಡಿಗಳೇ. ಎಲ್ಲಿಂದಲೋ ತಂದ ಪೆನ್‌ಡ್ರೈವ್ ಒಂದನ್ನು ಕಾರ್ಖಾನೆಯ ಕಂಪ್ಯೂಟರಿಗೆ ಚುಚ್ಚುವ ಕೈ ಯಾರದಾದರೂ ಆಗಿರಬಹುದು. ಎರಡು, ಹಣ ಹೂಡಿದವರಿಗೆ ತಿಳಿಸುವ ಅವಸರ ಮಾಹಿತಿ ಕೊಟ್ಟವರಿಗೆ ತಿಳಿಸುವಾಗ ಇರುವುದಿಲ್ಲ. ಯಾರ ಯಾವ ಕಡತ ಹೋಯಿತೆಂದು ಒಂದೊಂದಾಗಿ ಪರಿಶೀಲಿಸಲು ಕಾಲ ಬೇಕು ಎಂಬುದು ನಿಜ. ಆ ತಿಂಗಳುಗಳಲ್ಲಿ ಜನರು ತಮಗೇ ಗೊತ್ತಿಲ್ಲದೆ ಅಪಾಯದಲ್ಲಿ ಇರುತ್ತಾರೆ ಎಂಬುದೂ ಅಷ್ಟೇ ನಿಜ.

ಪುಣೆಯ ಪಾಠ

ಹಣವೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಪುಣೆಯ ಕಾಸ್ಮೋಸ್ ಬ್ಯಾಂಕ್ ಷೇರುಪೇಟೆಯ ಕಂಪನಿಯಲ್ಲ, 1906ರಲ್ಲಿ ಆರಂಭವಾದ ಸಹಕಾರಿ ಬ್ಯಾಂಕು. 2018ರ ಆಗಸ್ಟ್ 11 ಮತ್ತು 13ರಂದು ಅಲ್ಲಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಎಟಿಎಂನಲ್ಲಿ ಯಾರಾದರೂ ಕಾರ್ಡ್ ಹಾಕಿದಾಗ ‘ಈ ಖಾತೆಯಲ್ಲಿ ಹಣವಿದೆಯೇ’ ಎಂಬ ಪ್ರಶ್ನೆ ಬ್ಯಾಂಕಿನ ಮುಖ್ಯ ಲೆಕ್ಕಕ್ಕೆ ಹೋಗಿ ಉತ್ತರ ಬರಬೇಕು. ಕನ್ನಗಾರರು ನಡುವೆ ನಕಲಿ ವ್ಯವಸ್ಥೆಯೊಂದನ್ನು ಕೂರಿಸಿ, ಪ್ರಶ್ನೆ ಮುಖ್ಯ ಲೆಕ್ಕವನ್ನು ತಲುಪದೆಯೇ ‘ಇದೆ, ಕೊಡು’ ಎಂಬ ಉತ್ತರ ಹೋಗುವಂತೆ ಮಾಡಿದರು. ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ, ಭಾರತದಲ್ಲಿ ಕೊಲ್ಲಾಪುರವೂ ಸೇರಿದಂತೆ ಹಲವೆಡೆ ಹಣ ತೆಗೆದರು. ಎರಡು ದಿನಗಳ ಬಳಿಕ ಸುಮಾರು 13.9 ಕೋಟಿ ರೂಪಾಯಿಯನ್ನು ಹಾಂಕಾಂಗಿನ ಖಾತೆಯೊಂದಕ್ಕೆ ಸಾಗಿಸಿದರು.

ಗ್ರಾಹಕರ ಖಾತೆಗಳಿಂದ ಹಣ ಹೋಗಿಲ್ಲ, ನಷ್ಟ ಬ್ಯಾಂಕಿನದೆಂದು ಕಾಸ್ಮೋಸ್ ತಿಳಿಸಿತು. 2023ರ ಏಪ್ರಿಲಿನಲ್ಲಿ ಪುಣೆಯ ನ್ಯಾಯಾಲಯ 11 ಜನರಿಗೆ ಶಿಕ್ಷೆ ವಿಧಿಸಿತು. ಎಟಿಎಂಗಳಿಗೆ ಹೋಗಿ ಹಣ ತೆಗೆದುಕೊಟ್ಟವರಲ್ಲಿ ನಮ್ಮ ಸುತ್ತಲಿನ ಊರುಗಳ ತರುಣರಂಥವರೇ ಇದ್ದರು. ಕಾರ್ಡ್ ಕೊಟ್ಟು ‘ಹಣ ತೆಗೆದುಕೊಡು, ಕಮಿಷನ್ ಕೊಡುತ್ತೇವೆ’ ಎನ್ನುವವರ ಮಾತಿಗೆ ಮರುಳಾಗುವುದು, ತನ್ನ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವುದು ಅಪರಾಧದಲ್ಲಿ ಪಾಲುಗೊಂಡಂತೆ. ಹತ್ತನೆಯ, ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ಈ ಮಾತನ್ನು ಮನೆಯಲ್ಲಿ ಬಿಡಿಸಿ ಹೇಳಬೇಕು.

ಈ ಘಟನೆಯ ಬಳಿಕ, 2018ರ ಅಕ್ಟೋಬರಿನಲ್ಲಿ ಮತ್ತು 2019ರ ಡಿಸೆಂಬರಿನಲ್ಲಿ, ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೂ ಸೈಬರ್ ಸುರಕ್ಷತೆಯ ನಿಯಮಗಳನ್ನು ಹೊರಡಿಸಿತು. ಬ್ಯಾಂಕು ಎಷ್ಟು ಡಿಜಿಟಲ್ ಸೇವೆ ಕೊಡುತ್ತದೋ ಅಷ್ಟು ಹೆಚ್ಚಿನ ಕಾವಲು ಎಂಬಂತೆ ಅವನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ. ಇಲ್ಲಿಯೂ ಹೊಣೆ ನಿರ್ದೇಶಕ ಮಂಡಳಿಯದ್ದೇ. ಸಹಕಾರಿ ಬ್ಯಾಂಕಿನ ನಿರ್ದೇಶಕರನ್ನು ಆರಿಸುವವರು ಸದಸ್ಯರು, ಅಂದರೆ ನಮ್ಮ ನಿಮ್ಮಂಥವರು. ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಸಾಲ, ಲಾಭಾಂಶಗಳ ಜೊತೆ ಕಂಪ್ಯೂಟರ್ ಸುರಕ್ಷತೆಯ ಬಗ್ಗೆಯೂ ಕೇಳಬಹುದು.

ವ್ಯವಸ್ಥೆಯ ಬಿರುಕುಗಳು

ಇಷ್ಟೆಲ್ಲ ನಿಯಮಗಳಿದ್ದರೂ ಬಿರುಕುಗಳಿವೆ. ಷೇರುಪೇಟೆಗೆ ಕೂಡಲೇ ತಿಳಿಸಬೇಕಾದಷ್ಟು ಘಟನೆ ‘ಮಹತ್ವದ್ದು’ ಹೌದೋ ಅಲ್ಲವೋ ಎಂಬ ನಿರ್ಣಯದಲ್ಲಿ ಕಂಪನಿಗೇ ಬಹಳಷ್ಟು ಸ್ವಾತಂತ್ರ್ಯವಿದೆ. ಸಾವಿರ ಕೋಟಿ ವಹಿವಾಟಿನ ಕಂಪನಿಗೆ ಚಿಕ್ಕದೆನಿಸುವ ಸೋರಿಕೆ ಒಂದು ಮನೆಗೆ ಇಡೀ ವರ್ಷದ ದುಡಿಮೆ ಆಗಿರಬಹುದು. ವಾರ್ಷಿಕ ವರದಿಯ ವಾಕ್ಯಗಳೂ ವಕೀಲರ ಕೈಯಲ್ಲಿ ನುಣುಪಾಗಿ, ಒಂದು ಕಂಪನಿಯದು ಇನ್ನೊಂದರಂತೆಯೇ ಕಾಣುವುದುಂಟು. ಸಮಿತಿ ಸೇರಿತು ಎಂಬುದು ಗೊತ್ತಾಗುತ್ತದೆ. ಸೇರಿದಾಗ ಯಾವ ಪ್ರಶ್ನೆ ಕೇಳಿತು ಎಂಬುದು ಹೊರಬರುವುದಿಲ್ಲ.

ಮಾಹಿತಿ ಕೊಟ್ಟವರ ಪರವಾಗಿ ನಿಲ್ಲುವ ಕಾನೂನು ನಮ್ಮಲ್ಲಿ ತಡವಾಗಿ ಬಂತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿ ಸೋರಿದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಮಾತ್ರವಲ್ಲದೆ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕು. ತಕ್ಕ ಸುರಕ್ಷಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಪಾಲಕರು ಮುಖ್ಯವಾಗಿ ಗಮನಿಸಬೇಕಾದುದು, 18 ವರ್ಷ ತುಂಬದ ಮಗುವಿನ ಮಾಹಿತಿಯನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎಂಬ ಸಾಮಾನ್ಯ ನಿಯಮ. ಇದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳ ಅವಕಾಶ ಕೊಡಲಾಗಿದೆ. ಇದೇ ಕಾಯ್ದೆ ಒಪ್ಪಿಗೆಯ ವಿವರವನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕೆನ್ನುತ್ತದೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರದಲ್ಲಿದ್ದರೂ ‘ಕನ್ನಡದಲ್ಲಿ ಕೊಡಿ’ ಎಂದು ಕೇಳುವುದಕ್ಕೆ ಇದೊಂದು ಗಟ್ಟಿ ನೆಲೆ.

ನಮ್ಮ ಮನೆಗಳಲ್ಲಿ ಮಾಡಬೇಕಾದುದು

ಕಂಪನಿಯ ಕಾವಲು ಕಂಪನಿಯ ಹೊಣೆ. ಆದರೂ ನಮ್ಮ ಪಾಲಿಗೂ ಕೆಲವು ಗಡಿಯಾರಗಳಿವೆ. ರಿಸರ್ವ್ ಬ್ಯಾಂಕ್ 2017ರಲ್ಲಿ ಮೊದಲು ವಾಣಿಜ್ಯ ಬ್ಯಾಂಕುಗಳಿಗೆ, ಬಳಿಕ ಸಹಕಾರಿ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಗಳಂತೆ, ಬ್ಯಾಂಕಿನ ತಪ್ಪೂ ಗ್ರಾಹಕರ ತಪ್ಪೂ ಇಲ್ಲದೆ ಮೂರನೆಯವರ ಕನ್ನದಿಂದ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರು ನಷ್ಟ ಹೊರಬೇಕಿಲ್ಲ. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಮಿತಿಯಿದೆ. ಅನಂತರ ಬ್ಯಾಂಕಿನ ನೀತಿಯಂತೆ. ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಮ್ಮದೇ.

ಈ ನಿಯಮದಲ್ಲಿ ನಮ್ಮ ಭಾಗದ ದೊಡ್ಡ ತೊಂದರೆಯೊಂದು ಅಡಗಿದೆ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರುತ್ತದೆ. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಅದು ಬಂದುದು ಗೊತ್ತಾಗುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ. ಆದ್ದರಿಂದ ಪ್ರತಿ ಮನೆಯಲ್ಲೂ ಓದುವ ಮಗುವೊಂದು ಸಂಜೆ ಹಿರಿಯರ ಮೊಬೈಲಿನ ಬ್ಯಾಂಕ್ ಸಂದೇಶಗಳನ್ನು ಅವರ ಎದುರೇ ಓದಿ ಹೇಳುವ ರೂಢಿ ಬೆಳೆಯಲಿ ಎಂದು ನಾವು ಕೋರುತ್ತೇವೆ. ಹಣ ಹೋದುದು ತಿಳಿದ ಕೂಡಲೇ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಕರೆ ಮಾಡಿ, ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ದೂರಿನ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡಿ.

ಶಾಲೆಗೆ ಸಂಬಂಧಿಸಿ ಪಾಲಕರ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಕೆಲವು ಉಂಟು. ಮಕ್ಕಳ ಆಧಾರ್ ವಿವರವನ್ನು ಯಾವ ಕಂಪ್ಯೂಟರಿನಲ್ಲಿ ತುಂಬಲಾಗುತ್ತದೆ? ಗುಪ್ತಪದ ಯಾರ ಬಳಿ ಇದೆ? ಊರಿನ ಸೈಬರ್ ಕೆಫೆಯಲ್ಲಿ ತುಂಬಿಸಿದರೆ ಅಲ್ಲಿ ಪ್ರತಿ ಉಳಿಯುತ್ತದೆಯೇ? ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಆಧಾರ್ ಚಿತ್ರಗಳನ್ನು ಹಾಕಿಸುವುದು ಬೇಕೇ? ಶಿಕ್ಷಕರ ಮೇಲೆ ತಪ್ಪು ಹೊರಿಸಲು ಈ ಪ್ರಶ್ನೆಗಳನ್ನು ಕೇಳಬಾರದು. ಅವರಿಗೆ ಪಾಠದ ಜೊತೆಗೆ ದಾಖಲೆ ತುಂಬುವ ಭಾರವೂ ಇದೆ. ದಾರಿಯನ್ನು ಕೂಡಿ ಕಂಡುಕೊಳ್ಳಬೇಕು.

ಇನ್ಫೋಸಿಸ್‌ನ ಮಂಡಳಿಯೇ ಇರಲಿ, ಊರಿನ ಸಹಕಾರಿ ಸಂಘವೇ ಇರಲಿ, ಕೇಳಬೇಕಾದ ಮಾತು ಮೂಲತಃ ನಾಲ್ಕೇ. ನಮ್ಮದು ಏನೇನು ನಿಮ್ಮ ಬಳಿ ಇದೆ? ಅದನ್ನು ಕಾಯುವವರು ಯಾರು? ಕಾಯುವವರನ್ನು ನೋಡುವವರು ಯಾರು? ಹೋದರೆ ನಮಗೆ ಯಾವಾಗ, ಯಾವ ಭಾಷೆಯಲ್ಲಿ ತಿಳಿಸುತ್ತೀರಿ? ಮೊದಲ ಮೂರಕ್ಕೆ ಕಾನೂನು ಒಂದು ಮಟ್ಟಿಗೆ ಉತ್ತರ ಕೊಟ್ಟಿದೆ. ನಾಲ್ಕನೆಯ ಪ್ರಶ್ನೆಯನ್ನು ಗಡಿನಾಡಿನ ಕನ್ನಡಿಗರಾದ ನಾವೇ ಬಿಡದೆ ಕೇಳುತ್ತಿರಬೇಕು.